ಸಾಕ್ಷಿ ಹೇಳಿದ ಕಣ್ಣು

ಧನುರ್ಮಾಸದ ಪೂಜೆಗೆ ಬೆಳಗಿನ ಜಾವ ದೇವಸ್ಥಾನಕ್ಕೆ ಹೋಗಬೇಕಾದರೆ ನಾನು ಗುಡ್ಡದ ನೆತ್ತಿಯ ಪದವನ್ನು ದಾಟಬೇಕು. ಮುರಕಲ್ಲಿನ ಆ ವಿಶಾಲವಾದ ಬಯಲಿನಲ್ಲಿ ಮರವಿಲ್ಲ, ಮನೆಯಿಲ್ಲ. ಒಣಗಿದ ಮುಳಿಹುಲ್ಲು, ಅದರ ಮೇಲೆ ಇಬ್ಬನಿ, ಅದರ ಮೇಲೆ ಆಕಾಶ. ಪೂರ್ವದ ಇಳಿಜಾರಿನಲ್ಲಿ ನಮ್ಮ ಗಣಪತಿಯ ಗುಡಿ. ಪಶ್ಚಿಮದ ಇಳಿಜಾರಿನಲ್ಲಿ ಜುಮ್ಮಾ ಮಸೀದಿ, ಅದರಾಚೆ ರೈಲು ಹಳಿ, ಹಳಿಯಾಚೆ ಸಮುದ್ರ. ಎಷ್ಟೋ ವರ್ಷಗಳ ಕಾಲ ಈ ಹೊತ್ತಿನಲ್ಲಿ ಪದವಿನ ನಡುವಿನ ಚಪ್ಪಟೆ ಬಂಡೆಯ ಮೇಲೆ ಒಬ್ಬರು ಕೂತಿರುತ್ತಿದ್ದರು. ಬಿಳಿಯ ಮುಂಡು, ತಲೆಗೆ ಸುತ್ತಿದ ಉಣ್ಣೆಯ ಶಾಲು, ಎದೆಯ ಮೇಲೆ ದುರ್ಬೀನು. ನನ್ನ ಹೆಜ್ಜೆಯ ಸದ್ದು ಕೇಳಿ, ತಿರುಗಿ ನೋಡದೆಯೇ, "ಭಟ್ರೇ, ಇವತ್ತು ಸ್ವಲ್ಪ ಲೇಟು. ಗಣಪತಿ ಕಾಯ್ತಾ ಇರ್ಬಹುದು" ಎನ್ನುತ್ತಿದ್ದರು.

ಕಳೆದ ಕರ್ಕಾಟಕ ಮಾಸದ ಮಳೆಯಲ್ಲಿ ಅವರು ತೀರಿಕೊಂಡರು. ಈಗಲೂ ಆ ಬಂಡೆಯ ಹತ್ತಿರ ಬಂದಾಗ ನನ್ನ ಕಾಲು ತಾನಾಗಿ ನಿಧಾನವಾಗುತ್ತದೆ. ತಡವಾಯಿತೆಂದು ಹೇಳುವವರಿಲ್ಲದ ದಾರಿ ಮೊದಲಿಗಿಂತ ಉದ್ದವಾಗಿ ಕಾಣುತ್ತದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಊರಿನ ಬಾಯಿಗೆ ಬಿದ್ದು ನೊಂದ ಹೆಸರನ್ನು ಮತ್ತೆ ಅಲ್ಲಿಗೆ ತಳ್ಳುವ ಅಧಿಕಾರ ನನಗಿಲ್ಲ. ನಾನು ಅವರನ್ನು ಸಾಹೇಬರೆಂದೇ ಕರೆಯುತ್ತಿದ್ದೆ. ಬ್ಯಾರಿ ಮನೆತನದವರು, ಕಾಸರಗೋಡು ಪೇಟೆಯಲ್ಲಿ ಬಟ್ಟೆಯಂಗಡಿ ಇಟ್ಟಿದ್ದರು. ನನ್ನ ಮಡಿಪಂಚೆಯೂ ಅವರ ಜಮಾತಿನವರ ಶವಕ್ಕೆ ಸುತ್ತುವ ಕಫನ್ ಬಟ್ಟೆಯೂ ಒಂದೇ ಕಪಾಟಿನಿಂದ ಇಳಿಯುತ್ತಿದ್ದವು. "ಎರಡೂ ಹುಟ್ಟಿಸಿದವನ ಮುಂದೆ ನಿಲ್ಲುವಾಗ ಉಡುವ ಬಟ್ಟೆಯೇ ಅಲ್ವಾ ಭಟ್ರೇ, ಬೇರೆ ಕಪಾಟು ಎಂತಕ್ಕೆ?" ಎಂದು ನಗುತ್ತಿದ್ದರು.

ಆ ಅಂಗಡಿಯಲ್ಲಿ ಒಂದು ನಿಯಮವಿತ್ತು. ಸೂರ್ಯ ಮುಳುಗಿದ ಮೇಲೆ ಕಪ್ಪು ಬಟ್ಟೆಯನ್ನು ಮಾರುತ್ತಿರಲಿಲ್ಲ. ಒಂದು ಸಂಜೆ ನಾನು ಅಲ್ಲಿ ಕೂತಿದ್ದಾಗ ಯಾರೋ ಒಬ್ಬರು ಪ್ಯಾಂಟಿಗೆ ಕಪ್ಪು ಬಟ್ಟೆ ಕೇಳಿಕೊಂಡು ಬಂದರು.

"ನಾಳೆ ಬೆಳಿಗ್ಗೆ ಬನ್ನಿ" ಎಂದರು ಸಾಹೇಬರು.

"ಎಂತ ಬ್ಯಾರಿಗಳೇ, ಬಟ್ಟೆ ಇಲ್ವಾ?"

"ಬಟ್ಟೆ ಉಂಟು. ಬೆಳಕಿಲ್ಲ."

"ತಲೆ ಮೇಲೆ ಟ್ಯೂಬ್‌ಲೈಟ್ ಉರೀತಾ ಉಂಟಲ್ಲ ಮಾರಾಯ್ರೇ!"

"ಟ್ಯೂಬ್‌ಲೈಟಿಗೆ ಕಡು ನೀಲಿಯೂ ಕಪ್ಪೇ. ಇದು ಕಪ್ಪು ಅಂತ ನನ್ನ ಬಾಯಿಂದ ಹೇಳ್ಬೇಕಾದ್ರೆ ನನಗೆ ಸೂರ್ಯ ಬೇಕು."

ಬಂದವರು ನಗುತ್ತ ಎದುರಿನ ಅಂಗಡಿಗೆ ಹೋದರು. ಗಿರಾಕಿ ಹೋಯಿತಲ್ಲ ಎಂದೆ. "ಗಿರಾಕಿ ತಿರುಗಿ ಬರ್ತದೆ ಭಟ್ರೇ, ಹೇಳಿದ ಮಾತು ತಿರುಗಿ ಬರುದಿಲ್ಲ" ಎಂದರು. ಇಂಥ ಕಣ್ಣಿಗೆ ಊರಿನಲ್ಲಿ ಮರ್ಯಾದೆಯಿದ್ದುದು ಸಹಜವೇ. ಆ ಮರ್ಯಾದೆಯೇ ಮುಂದೆ ಅವರಿಗೆ ಭಾರವಾಯಿತು.

ಉಪವಾಸದ ತಿಂಗಳು ಚಳಿಗಾಲದಲ್ಲಿ ಬೀಳುತ್ತಿದ್ದ ವರ್ಷಗಳವು; ಎರಡು ಸಾವಿರದ ಎರಡೋ ಮೂರೋ ಇರಬೇಕು. ಸಾಹೇಬರ ತಾಯಿ ಆಗ ಬದುಕಿದ್ದರು. ಜಗಲಿಯ ತುದಿಯಲ್ಲಿ ಎಲೆ ಅಡಿಕೆ ಕುಟ್ಟುತ್ತ ಕೂತಿರುತ್ತಿದ್ದ ಆ ವೃದ್ಧೆ ನಾನು ದಾರಿಯಲ್ಲಿ ಹೋಗುವಾಗಲೆಲ್ಲ "ಭಟ್ರೇ, ಇವತ್ತಿಗೆ ಚಂದ್ರ ಎಷ್ಟಾಯ್ತು?" ಎಂದು ಕೇಳುವರು. ನಾನು ತಿಥಿ ಹೇಳುವೆ. ಆಕೆ ಬೆರಳು ಮಡಚಿ ತಮ್ಮ ಲೆಕ್ಕದೊಡನೆ ಹೋಲಿಸಿ, "ನಿಮ್ಮದು ನಮ್ಮದು ಒಂದೇ ಚಂದ್ರ, ಒಂದು ದಿವಸ ಹಿಂದೆ ಮುಂದೆ" ಎನ್ನುವರು. ಸಕ್ಕರೆ ಕಾಯಿಲೆಯಿಂದ ಕಾಲು ಊದಿಕೊಂಡಿತ್ತು. ಉಪವಾಸ ಕೂಡದೆಂದು ಡಾಕ್ಟರು ಹೇಳಿದ್ದರು. ಕಾಯಿಲೆಯವರಿಗೆ ಧರ್ಮದಲ್ಲಿಯೇ ವಿನಾಯಿತಿ ಉಂಟೆಂದು ಮಗನೂ ಹೇಳಿದ್ದರು. ಆಕೆ ಕೇಳಲಿಲ್ಲ. ಇಪ್ಪತ್ತೊಂಬತ್ತು ದಿವಸ ಹಿಡಿದರು. ಕೊನೆಯ ದಿನಗಳಲ್ಲಿ ಕೂತಲ್ಲಿಂದ ಏಳಲು ಇಬ್ಬರು ಬೇಕಾಗುತ್ತಿದ್ದರಂತೆ.

ಇಪ್ಪತ್ತೊಂಬತ್ತನೆಯ ಸಂಜೆ ಚಂದ್ರ ಕಂಡರೆ ಮರುದಿನ ಪೆರ್ನಾಲ್, ಹಬ್ಬ. ಕಾಣದಿದ್ದರೆ ಮೂವತ್ತನೆಯ ಉಪವಾಸ. ಸಾಹೇಬರು, ಭಾವ ಕೊಲ್ಲಿಯಿಂದ ತಂದುಕೊಟ್ಟ ದುರ್ಬೀನನ್ನು ಹಿಡಿದುಕೊಂಡು ಪದವು ಹತ್ತಿದರು. ಜೊತೆಗೆ ನೆರೆಮನೆಯವರೊಬ್ಬರಿದ್ದರು. ಸೂರ್ಯ ಮುಳುಗಿ ಸ್ವಲ್ಪ ಹೊತ್ತಿಗೆ, ನೈಋತ್ಯದಲ್ಲಿ, ಸಮುದ್ರದ ಮೇಲಣ ಮಸುಕಿನ ಅಂಚಿನಲ್ಲಿ, ದುರ್ಬೀನಿನೊಳಗೆ ಒಂದು ಎಳೆ ಕಂಡಿತು. ಕತ್ತರಿಸಿದ ಉಗುರಿಗಿಂತ ತೆಳು. ಆದರೆ ಅವರ ಜಮಾತಿನ ಪದ್ಧತಿಯಂತೆ ದುರ್ಬೀನಿನ ದರ್ಶನ ಸಾಕಾಗದು, ಬರಿಗಣ್ಣಿಗೆ ಕಾಣಬೇಕು. ಅವರು ದುರ್ಬೀನನ್ನು ಇಳಿಸಿ, ಅದೇ ಜಾಗವನ್ನು ನೋಡಿದರು. ಕಂಡಿತು. ಬೆರಳು ಚಾಚಿ ತೋರಿಸಿದರು. ನೆರೆಯವರು ಆ ಬೆರಳಿನ ತುದಿಯನ್ನು ಹಿಡಿದು ನೋಡಿ "ಹೌದು, ಹೌದು" ಎಂದರು. ಇಬ್ಬರೂ ಹೋಗಿ ಖಾಝಿಯವರ ಮುಂದೆ ಸಾಕ್ಷಿ ಹೇಳಿದರು. ಕಡು ನೀಲಿಯನ್ನು ಕಪ್ಪೆಂದು ಹೇಳದ ಮನುಷ್ಯನ ಮಾತು. ಖಾಝಿಯವರು ಹೆಚ್ಚು ವಿಚಾರಿಸಲಿಲ್ಲ. ನಾನು ಸಂಧ್ಯಾವಂದನೆ ಮುಗಿಸಿ ಅರ್ಘ್ಯಪಾತ್ರೆ ತೊಳೆಯುತ್ತಿದ್ದಾಗ ಮಸೀದಿಯಿಂದ ಹಬ್ಬ ಸಾರುವ ತಕ್ಬೀರಿನ ಧ್ವನಿ ಪದವನ್ನು ದಾಟಿ ನಮ್ಮ ಅಂಗಳಕ್ಕೆ ಬಂತು.

ಮನೆಗೆ ಬಂದ ಮಗನನ್ನು ತಾಯಿ ಕೇಳಿದ್ದು ಒಂದೇ ಮಾತು: "ಕಣ್ಣಾರೆ ಕಂಡಿದ್ದೀಯಾ ಮೋನೇ?"

"ಕಂಡಿದ್ದೇನೆ ಉಮ್ಮಾ."

ಆಮೇಲೆ ಆಕೆ ಜೀವವಿರುವವರೆಗೂ ಆ ಮಾತನ್ನು ಮತ್ತೆ ಎತ್ತಲಿಲ್ಲ.

ಆದರೆ ಸುತ್ತಲಿನ ಊರುಗಳಲ್ಲಿ ಆ ಸಂಜೆ ಚಂದ್ರ ಯಾರಿಗೂ ಕಂಡಿರಲಿಲ್ಲ. ಅಲ್ಲೆಲ್ಲ ಹಬ್ಬ ನಮ್ಮೂರಿಗಿಂತ ಒಂದು ದಿನ ತಡವಾಗಿ ಬಂತು. ಪೇಟೆಯಲ್ಲಿ ನಗೆಮಾತು ಹುಟ್ಟಲು ಎಷ್ಟು ಹೊತ್ತು ಬೇಕು? "ನಿಮ್ಮದು ಬೈನಾಕುಲರ್ ಪೆರ್ನಾಲಾ, ಕಣ್ಣಿನ ಪೆರ್ನಾಲಾ?" ಎಂದು ಮೀನು ಮಾರ್ಕೆಟಿನಲ್ಲಿ ಒಬ್ಬ ಕೇಳಿದನಂತೆ. ಸಾಹೇಬರು ನಕ್ಕು ಬಂದರು. ರಾತ್ರಿ ಆ ನಗು ಅವರೊಳಗೆ ತಿರುಗಿ ನಿಂತಿತು. ನಿಜವಾಗಿ ಯಾವುದರಲ್ಲಿ ಕಂಡದ್ದು?

ಅವರು ನನ್ನ ಮನೆಗೆ ಮೊದಲ ಸಲ ಬಂದದ್ದು ಈ ಪ್ರಶ್ನೆಯೊಂದಿಗೆ. ಜಗಲಿಯಲ್ಲಿ ಕೂತು, ಕೊಟ್ಟ ಬೆಲ್ಲ ನೀರು ಕುಡಿದು ಹೇಳಿದರು: "ಭಟ್ರೇ, ನಿಮ್ಮಲ್ಲಿ ಗಣಿತ ಉಂಟಲ್ಲ. ಆ ದಿವಸ ಸಂಜೆ ಚಂದ್ರ ಕಾಣುವ ಹಾಗೆ ಇತ್ತಾ ಇಲ್ವಾ, ಲೆಕ್ಕ ಹಾಕಿ ಹೇಳಿ."

ನಾನು ಶಾಲೆಯಲ್ಲಿ ಸಂಸ್ಕೃತ ಪಾಠ ಹೇಳಿ ನಿವೃತ್ತನಾದವನು. ಪಂಚಾಂಗದ ಗಣಿತ ನನಗೆ ತಂದೆಯವರಿಂದ ಬಂದದ್ದು. ಸೂರ್ಯನಿಂದ ಚಂದ್ರ ಹನ್ನೆರಡು ಅಂಶ ದೂರ ಸರಿದರೆ ದರ್ಶನವೆಂದು ನಮ್ಮ ಹಿರಿಯರ ಮಾತು. ಎರಡು ದಿನ ಕೂತು ಲೆಕ್ಕ ಮಾಡಿದೆ. ಆ ಸಂಜೆ ಮಾರ್ಗಶಿರದ ಪಾಡ್ಯ. ಚಂದ್ರನು ಸೂರ್ಯನ ಹಿಂದೆಯೇ ಮುಳುಗಲು ಹೊರಟಿದ್ದ. ಅಂತರ ಹನ್ನೆರಡಕ್ಕೆ ಸ್ವಲ್ಪ ಕಡಿಮೆ. ಅವರು ಮತ್ತೆ ಬಂದಾಗ ಹಾಗೆಂದು ಹೇಳಿದೆ.

"ಸ್ವಲ್ಪ ಅಂದ್ರೆ?"

"ಒಳ್ಳೆಯ ಕಣ್ಣಿಗೆ, ಶುಭ್ರವಾದ ಆಕಾಶದಲ್ಲಿ, ಕಂಡೀತು. ಕಾಣದೆಯೂ ಇದ್ದೀತು. ಗಣಿತ ಇಷ್ಟೇ ಹೇಳುತ್ತದೆ ಸಾಹೇಬ್ರೇ. ಉಳಿದದ್ದು ನೋಡಿದವರ ಕಣ್ಣು."

ಅವರು ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟು, "ಖಾಝಿಯವರೂ ಹೀಗೇ ಹೇಳಿದ್ರು" ಎಂದರು. "ನೀವು ಕಂಡದ್ದು ಹೇಳಿದ್ದೀರಿ, ತೀರ್ಮಾನ ನನ್ನದು, ಭಾರವೂ ನನ್ನದು ಅಂತ. ಎಲ್ಲರೂ ನನ್ನ ಕಣ್ಣನ್ನು ನನಗೇ ವಾಪಸು ಕೊಡ್ತೀರಿ." ದನಿ ಇಳಿಸಿ ಹೇಳಿದರು: "ನನಗೆ ಊರಿನ ಹೆದರಿಕೆ ಇಲ್ಲ. ಮೂವತ್ತನೇ ಉಪವಾಸಕ್ಕೆ ಉಮ್ಮ ಉಳೀತಾರಾ ಅಂತ ಅವತ್ತು ಇಡೀ ದಿವಸ ಯೋಚನೆ ಮಾಡಿದ್ದೆ. ಕಂಡದ್ದು ಚಂದ್ರನನ್ನಾ, ಆ ಯೋಚನೆಯನ್ನಾ? ನನಗೆ ಗೊತ್ತಾಗಬೇಕು."

ಅಂದಿನಿಂದ ಪ್ರತಿ ಚಳಿಗಾಲವೂ ಅವರು ತಮ್ಮ ಕಣ್ಣನ್ನು ವಿಚಾರಣೆಗೆ ಒಳಪಡಿಸಿದರು. ಮಳೆ ಹೊರಟುಹೋಗಿ ಆಕಾಶ ತೊಳೆದಿಟ್ಟಂತಾದೊಡನೆ ದುರ್ಬೀನು ಪೆಟ್ಟಿಗೆಯಿಂದ ಹೊರಬರುತ್ತಿತ್ತು. ಮಗ್ರಿಬ್ ನಮಾಜು ಮುಗಿಸಿ ಅವರೂ, ಸಂಧ್ಯೆ ಮುಗಿಸಿ ನಾನೂ ಪದವು ಹತ್ತುತ್ತಿದ್ದೆವು. ಆ ಕಾಲದಲ್ಲಿ ಸಂಜೆ ಅರ್ಧ ಗಂಟೆ ಕರೆಂಟು ಹೋಗುತ್ತಿತ್ತು. ಊರಿನವರು ಬಯ್ಯುತ್ತಿದ್ದ ಆ ಅರ್ಧ ಗಂಟೆಯನ್ನು ನಾವಿಬ್ಬರು ಪ್ರಸಾದದಂತೆ ಸ್ವೀಕರಿಸಿದೆವು. ಪೂರ್ವದಲ್ಲಿ ಕೃತ್ತಿಕೆ ಮೇಲೇರಿರುತ್ತಿತ್ತು. ಅದರ ಹಿಂದೆ ಕೆಂಪಗೆ ರೋಹಿಣಿ, ಅದರ ಕೆಳಗೆ ಮೃಗಶಿರ. ಬಾಯಿಯಿಂದ ಸಾವಿರ ಸಲ ಹೇಳಿದ್ದ ಹೆಸರುಗಳವು. ಅವರ ದುರ್ಬೀನಿನಲ್ಲಿ ಕೃತ್ತಿಕೆಯನ್ನು ಮೊದಲು ನೋಡಿದ ಸಂಜೆ ನೆನಪಿದೆ. ಆರು ತಾಯಂದಿರೆಂದು ನಂಬಿದ್ದ ಕಡೆ ಒಂದು ಸಭೆಯೇ ನೆರೆದಿತ್ತು. ಕಣ್ಣೊರೆಸಿಕೊಂಡು ಅದನ್ನು ಹಿಂದಕ್ಕೆ ಕೊಟ್ಟೆ.

"ಈಗ ಬರಿಗಣ್ಣಲ್ಲಿ ನೋಡಿ" ಎಂದರು. "ಎಷ್ಟು?"

ನೋಡಿದೆ. "ಎಂಟು. ಒಂಬತ್ತಿದ್ದರೂ ಇರಬಹುದು."

"ಮೊದಲು ಎಷ್ಟು ಹೇಳಿದ್ರಿ?"

"ಆರು."

"ಆಕಾಶದಲ್ಲಿ ಹೆಚ್ಚಾಗಿಲ್ಲ ಭಟ್ರೇ. ನಿಮ್ಮ ಕಣ್ಣಿಗೆ ಬೈನಾಕುಲರ್ ಪಾಠ ಹೇಳಿಕೊಟ್ಟಿತು." ಕತ್ತಲೆಯಲ್ಲಿ ಅವರ ಮುಖ ಕಾಣುತ್ತಿರಲಿಲ್ಲ, ದನಿ ಮಾತ್ರ ಕೇಳುತ್ತಿತ್ತು. "ನನಗೂ ಹಾಗೇ ಆಗ್ತದೆ. ಒಮ್ಮೆ ಅದರಲ್ಲಿ ಕಂಡ ಮೇಲೆ, ಇಳಿಸಿ ನೋಡಿದ್ರೂ ಅಲ್ಲಿ ಉಂಟು ಅನಿಸ್ತದೆ. ಅನಿಸುದು ಬೇರೆ, ಕಾಣುದು ಬೇರೆ. ಅವತ್ತು ಯಾವುದಾದದ್ದು?"

ಅವರು ಒಂದು ಕ್ರಮವನ್ನು ಮಾಡಿಕೊಂಡರು, ನನಗೂ ಹಾಕಿದರು. ಮೊದಲು ಬರಿಗಣ್ಣು. ಕಂಡದ್ದನ್ನು ಗಟ್ಟಿಯಾಗಿ ಬಾಯಿಬಿಟ್ಟು ಹೇಳಬೇಕು. ಆಮೇಲೆ ದುರ್ಬೀನು. ದುರ್ಬೀನಿನ ಮೇಲೆ ಆ ದಿವಸ ಮತ್ತೆ ಬರಿಗಣ್ಣಿನ ಮಾತಿಗೆ ಬೆಲೆಯಿಲ್ಲ. ನಾನು ಒಮ್ಮೆ "ಕಂಡ ಹಾಗಾಯಿತು" ಎಂದುಬಿಟ್ಟೆ.

"ಕಂಡ ಹಾಗೆ ಅಂತ ಒಂದು ಮಾತು ಸಾಕ್ಷಿಯಲ್ಲಿ ಇಲ್ಲ ಭಟ್ರೇ. ಕಂಡಿತು, ಇಲ್ಲ ಕಾಣಲಿಲ್ಲ. ಎರಡರಲ್ಲಿ ಒಂದು."

ವರ್ಷಗಳು ಹೋದಂತೆ ಅವರ ಉಪವಾಸದ ತಿಂಗಳು ಚಳಿಗಾಲದಿಂದ ಹಿಂದೆ ಹಿಂದೆ ಸರಿದು ಮಳೆಯ ಮೋಡದೊಳಗೆ ಹೊಕ್ಕಿತು. ಚಂದ್ರ ನೋಡಲು ಅವರನ್ನು ಯಾರೂ ಕರೆಯಲಿಲ್ಲ. ಕರೆದರೂ ಅವರು ಹೋಗುತ್ತಿರಲಿಲ್ಲ. ಆದರೆ ಪ್ರಶ್ನೆ ಚಳಿಗಾಲದಲ್ಲಿಯೇ ನಿಂತುಬಿಟ್ಟಿತ್ತು.

ನನ್ನ ತಮ್ಮನ ಮಗಳ ಮದುವೆಗೆ ಅವರನ್ನು ಕರೆದಿದ್ದೆ. ಮುಹೂರ್ತವಾಗಿ, ಸಪ್ತಪದಿಯಾಗಿ, ನಡುಹಗಲಲ್ಲಿ ವಧೂವರರನ್ನು ಅಂಗಳಕ್ಕೆ ಕರೆತಂದು ಉತ್ತರದ ಕಡೆ ಬೆರಳು ತೋರಿಸಿ ಅರುಂಧತೀ ದರ್ಶನ ಮಾಡಿಸಿದೆ. "ಕಂಡಿತೇ?" "ಕಂಡಿತು" ಎಂದರು ಇಬ್ಬರೂ, ನಾಚಿಕೊಂಡು. ಊಟದ ಹೊತ್ತಿಗೆ ಸಾಹೇಬರು ಹತ್ತಿರ ಬಂದರು.

"ಭಟ್ರೇ, ಒಂದು ಕೇಳ್ಲಾ? ನೀವು ತೋರಿಸಿದ ಕಡೆ ನಾನೂ ನೋಡಿದೆ. ಅಲ್ಲಿ ಶಾಮಿಯಾನದ ಬಟ್ಟೆ ಮಾತ್ರ ಇತ್ತು. ಅದೂ ಒಳ್ಳೇ ಬಟ್ಟೆ ಅಲ್ಲ."

ನಕ್ಕೆ. ಅರುಂಧತಿಯನ್ನು ತೋರಿಸುವ ಕ್ರಮವನ್ನು ವಿವರಿಸಿದೆ. ಅವಳು ಅತಿ ಸೂಕ್ಷ್ಮ, ನೇರವಾಗಿ ತೋರಿಸಲಾಗದು. ಮೊದಲು ಪಕ್ಕದ ದೊಡ್ಡ ನಕ್ಷತ್ರವನ್ನು ತೋರಿಸಿ, ದೃಷ್ಟಿ ಅಲ್ಲಿ ನಿಂತ ಮೇಲೆ, ಅದರ ಮಗ್ಗುಲಿಗೆ ಕರೆದೊಯ್ಯಬೇಕು. ಹಗಲಿನಲ್ಲಿ ಮಾಡುವುದು ಶ್ರದ್ಧೆಯ ದರ್ಶನ. ಕಾಣದಿದ್ದರೂ ಇದ್ದಾಳೆಂದು ಒಪ್ಪುವುದೇ ಅಲ್ಲಿನ ಸಂಸ್ಕಾರ.

"ಒಳ್ಳೇದು" ಎಂದರು, ನಿಜವಾದ ಗೌರವದಿಂದ. "ಮದುವೆಗೆ ಅದು ನಡೀತದೆ. ಸಾಕ್ಷಿಗೆ ನಡೆಯುದಿಲ್ಲ."

ಆ ಚಳಿಗಾಲದಲ್ಲಿ ನಾನು ಅವರಿಗೆ ಪುರಾಣದ ಒಂದು ಪ್ರಸಂಗವನ್ನು ಹೇಳಿದೆ. ಸ್ವಾಹಾದೇವಿಯು ಸಪ್ತರ್ಷಿಗಳ ಪತ್ನಿಯರ ರೂಪವನ್ನು ಒಬ್ಬೊಬ್ಬರದಾಗಿ ತಾಳಿದಳು. ಆರು ರೂಪಗಳು ಅವಳಿಗೆ ಒದಗಿದವು. ಏಳನೆಯವಳಾದ ಅರುಂಧತಿಯ ರೂಪ ಮಾತ್ರ ಎಷ್ಟು ತಪಿಸಿದರೂ ಬರಲಿಲ್ಲ. ಹಾಗಾಗಿ ಆರು ಮಂದಿ ಗಂಡಂದಿರ ಶಂಕೆಗೆ ಸಿಕ್ಕಿ ಕೃತ್ತಿಕೆಗಳಾಗಿ ದೂರ ಉಳಿದರು, ಅರುಂಧತಿ ವಸಿಷ್ಠನ ಮಗ್ಗುಲಲ್ಲಿಯೇ ನಿಂತಳು. ಕೇಳಿ ಸಾಹೇಬರು ಹೇಳಿದರು: "ಹಾಗಾದ್ರೆ ನಾನು ಇಷ್ಟು ವರ್ಷ ತಪ್ಪು ಜಾಗದಲ್ಲಿ ನೋಡ್ತಾ ಇದ್ದೆ. ಯಾರ ವೇಷಕ್ಕೂ ಸಿಕ್ಕದವಳು ಅವಳೇ ಅಂದ್ರೆ, ಕಣ್ಣಿನ ಪರೀಕ್ಷೆಗೆ ಅವಳೇ ಸರಿ."

ಚಳಿಗಾಲದಲ್ಲಿ ಸಪ್ತರ್ಷಿಗಳು ಚೆನ್ನಾಗಿ ಕಾಣುವುದು ಬೆಳಗಿನ ಜಾವಕ್ಕೆ. ಅವರು ಸುಬ್‌ಹಿ ನಮಾಜಿಗೆ ಮೊದಲೇ ಬಂದು ಬಂಡೆಯ ಮೇಲೆ ಕೂರತೊಡಗಿದ್ದು ಹೀಗೆ. ನಾನು ಹೂವಿನ ಬುಟ್ಟಿ ಹಿಡಿದು ಬರುವಾಗ ದಿನವೂ ಒಂದೇ ವರದಿ: "ವಸಿಷ್ಠ ಕಂಡ. ಅವಳೂ ಕಂಡಳು." ಆದರೆ ದನಿಯಲ್ಲಿ ತೃಪ್ತಿಯಿರಲಿಲ್ಲ. ಅವಳಿರುವ ಜಾಗ ಅವರಿಗೆ ಈಗ ಬಾಯಿಪಾಠವಾಗಿತ್ತಲ್ಲ.

ತಾಯಿ ತೀರಿಕೊಂಡದ್ದು ಇದಾದ ಎಷ್ಟೋ ವರ್ಷಗಳ ಮೇಲೆ, ತುಂಬು ವಯಸ್ಸಿನಲ್ಲಿ. ಮೂರು ದಿವಸ ಕಳೆದು ಸಾಂತ್ವನ ಹೇಳಲು ಹೋದೆ. ಸಾಹೇಬರು ಅಂಗಳದ ಬೆಂಚಿನಲ್ಲಿ ಕೂತಿದ್ದರು. ಒಳಗಿನಿಂದ ಅವರ ತಂಗಿ ಚಹಾ ತಂದಿಟ್ಟು ಹೋದರು. ಆಕೆ ಒಳಗೆ ಹೋಗುವವರೆಗೆ ಕಾದು ಸಾಹೇಬರು ಹೇಳಿದರು.

"ನಿನ್ನೆ ತಂಗಿ ಒಂದು ಮಾತು ಹೇಳಿದಳು ಭಟ್ರೇ. ಆ ವರ್ಷ ಪೆರ್ನಾಲ್ ಕಳೆದು ಸ್ವಲ್ಪ ದಿವಸಕ್ಕೆ ಉಮ್ಮ ಒಂದು ಉಪವಾಸ ಹಿಡಿದಿದ್ದರಂತೆ. ನಾನು ಅಂಗಡಿಗೆ ಹೋಗಿದ್ದಾಗ. ನಾನು ಬರುವ ಮೊದಲೇ ಬಿಟ್ಟಾಗಿತ್ತು. ಅವನಿಗೆ ಹೇಳ್ಬೇಡ ಅಂತ ಆಣೆ ಹಾಕಿಸಿದ್ದರಂತೆ."

ಅದರ ಅರ್ಥ ನನಗೆ ಹೊಳೆಯಲು ಒಂದು ಕ್ಷಣ ಬೇಕಾಯಿತು. ಮೂವತ್ತನೆಯ ಉಪವಾಸ. ಯಾವುದರಿಂದ ತಾಯಿಯನ್ನು ಉಳಿಸಲೆಂದು ಮಗನ ಕಣ್ಣು ಚಂದ್ರನನ್ನು ಕಂಡಿತೋ ಏನೋ, ಅದನ್ನು ಆಕೆ ಗುಟ್ಟಾಗಿ ಮುಗಿಸಿದ್ದರು.

"ಉಮ್ಮ ನನ್ನನ್ನು ನಂಬಲಿಲ್ಲ" ಎಂದರು.

"ಹಾಗಲ್ಲ ಸಾಹೇಬ್ರೇ. ನಿಮ್ಮ ಮಾತಿನಲ್ಲಿ ಏನಾದರೂ ಕೊರತೆಯಿದ್ದರೆ ಅದು ನಿಮ್ಮ ಲೆಕ್ಕಕ್ಕೆ ಹೋಗದಿರಲಿ ಎಂದು ತಾವೇ ತುಂಬಿಸಿಟ್ಟರು."

"ಎರಡೂ ಒಂದೇ ಅಲ್ವಾ?"

ಚಹಾ ತಣ್ಣಗಾಯಿತು. ಜಗಲಿಯ ತುದಿಯಲ್ಲಿ ಎಲೆ ಅಡಿಕೆ ಕುಟ್ಟುವ ಕಲ್ಲು ಹಾಗೆಯೇ ಇತ್ತು. "ಚಂದ್ರ ಎಷ್ಟಾಯ್ತು" ಎಂದು ಯಾರೋ ಕೇಳಿದಂತಾಗಿ ನಾನು ಅತ್ತ ತಿರುಗಿದೆ. ಅವರೂ ಅದೇ ಹೊತ್ತಿಗೆ ತಿರುಗಿದರು.

ಆಮೇಲಿನ ಚಳಿಗಾಲ ಅವರ ಕೊನೆಯದು. ಬಂಡೆಯ ಮೇಲೆ ಬಂದು ಕೂರುತ್ತಿದ್ದರು, ಆದರೆ ವರದಿ ನಿಂತಿತ್ತು. ಕೇಳಿದರೆ "ನೋಡ್ತಾ ಇದ್ದೇನೆ" ಎನ್ನುವರು, ಅಷ್ಟೇ. ಕಣ್ಣಿಗೆ ಪೊರೆ ಬಂದಿದೆಯೆಂದು ಡಾಕ್ಟರು ಹೇಳಿದ್ದರಂತೆ, ಶಸ್ತ್ರಕ್ರಿಯೆಗೆ ಒಪ್ಪಲಿಲ್ಲ. ಧನುರ್ಮಾಸ ಮುಗಿಯಲು ಬಂದಿದ್ದ ಒಂದು ಬೆಳಗು, ನಾನು ಪದವಿನ ತುದಿಗೆ ಬರುತ್ತಿದ್ದಂತೆಯೇ ಅವರು ಎದ್ದು ನಿಂತರು. ಉತ್ತರಕ್ಕೆ ಮುಖ. ದುರ್ಬೀನು ಚೀಲದೊಳಗೇ ಇತ್ತು.

"ಭಟ್ರೇ, ಇವತ್ತು ನೀವು ತೋರಿಸಿ. ಮದುವೆಯಲ್ಲಿ ತೋರಿಸುವ ಹಾಗೆ."

ಹೂವಿನ ಬುಟ್ಟಿಯನ್ನು ಬಂಡೆಯ ಮೇಲಿಟ್ಟು ಅವರ ಪಕ್ಕ ನಿಂತೆ. ಬೆರಳು ಚಾಚಿದೆ. "ಅದೋ, ಸಪ್ತರ್ಷಿಗಳ ಬಾಲದ ನಡುವಿನವನು ವಸಿಷ್ಠ. ಕಂಡನೇ?"

"ಕಂಡ."

"ಅವನ ಮಗ್ಗುಲಲ್ಲಿ. ಕಂಡಳೇ?"

ಅವರು ನೋಡಿದರು. ಆ ನೋಟದಲ್ಲಿದ್ದ ಶ್ರಮವನ್ನು ನಾನು ಅವರ ಉಸಿರಿನಲ್ಲಿ ಕೇಳಿದೆ. ಅವಳು ಅಲ್ಲಿದ್ದಾಳೆಂದು ಅವರಿಗೆ ಗೊತ್ತು. ಯಾವ ಕಡೆ, ಎಷ್ಟು ಅಂತರದಲ್ಲಿ ಎಂಬುದೂ ಗೊತ್ತು. ಪಕ್ಕದಲ್ಲಿ ನಿಂತು ತೋರಿಸುತ್ತಿರುವವನು ಹೌದೆನ್ನುವುದನ್ನೇ ಕಾಯುತ್ತಿದ್ದಾನೆಂಬುದೂ ಗೊತ್ತು.

"ಕಾಣುದಿಲ್ಲ" ಎಂದರು.

ಮತ್ತೊಮ್ಮೆ, ಗಟ್ಟಿಯಾಗಿ, ಪದವಿಗೆಲ್ಲ ಕೇಳುವಂತೆ: "ಕಾಣುದಿಲ್ಲ ಭಟ್ರೇ!" ನಕ್ಕರು. ಇಷ್ಟು ವರ್ಷಗಳಲ್ಲಿ ಅಂಥ ನಗುವನ್ನು ಅವರಿಂದ ನಾನು ಕೇಳಿರಲಿಲ್ಲ. "ಉಂಟು ಅಂತ ಗೊತ್ತುಂಟು, ಕಾಣ್ಬೇಕು ಅಂತ ಆಸೆಯೂ ಉಂಟು. ಆದ್ರೂ ಕಾಣುದಿಲ್ಲ ಅಂತ ನನ್ನ ಬಾಯಿ ಹೇಳಿತು ನೋಡಿ. ಹಾಗಾದ್ರೆ ಅವತ್ತು ಕಂಡಿತು ಅಂತ ಹೇಳಿದ್ದೂ ಕಂಡೇ ಇರ್ಬಹುದು. ಅಲ್ವಾ?"

"ಹೌದು" ಎಂದೆ. ನಮ್ಮ ಹಿರಿಯರ ಇನ್ನೊಂದು ಮಾತು ನನ್ನ ನಾಲಗೆಯ ತುದಿಯಲ್ಲಿತ್ತು. ಆಯುಷ್ಯ ತೀರುತ್ತ ಬಂದವನಿಗೆ ಅರುಂಧತಿ ಕಾಣುವುದಿಲ್ಲವಂತೆ. ಅದನ್ನು ನುಂಗಿಕೊಂಡು ಬುಟ್ಟಿಯನ್ನೆತ್ತಿಕೊಂಡೆ. ಮಸೀದಿಯಿಂದ ಬಾಂಗು ಕೇಳಿತು. ಅವರು ಪಶ್ಚಿಮಕ್ಕೆ ಇಳಿದರು, ನಾನು ಪೂರ್ವಕ್ಕೆ. ಆರು ತಿಂಗಳ ಮೇಲೆ, ಸುರಿಯುವ ಮಳೆಯಲ್ಲಿ, ಅವರದೇ ಕಪಾಟಿನ ಬಿಳಿಯ ಬಟ್ಟೆಯಲ್ಲಿ ಅವರು ಮನೆಯಿಂದ ಹೊರಟರು.

ಇಂದು ಬೆಳಿಗ್ಗೆ ಬಂಡೆಯ ಬಳಿ ನಿಂತೆ. ಆಕಾಶ ನಿರ್ಮಲವಾಗಿತ್ತು. ಬಾಲದ ನಡುವೆ ವಸಿಷ್ಠನಿದ್ದ. ಅವನ ಮಗ್ಗುಲನ್ನು ನೋಡಿದೆ. ಬಹಳ ಹೊತ್ತು ನೋಡಿದೆ. ಏನೋ ಮಿನುಗಿದಂತೆ, ಮಿನುಗದಂತೆ. ಕಂಡ ಹಾಗಾಯಿತು ಎಂದು ಬಾಯಿಯವರೆಗೆ ಬಂತು. ಬೆನ್ನ ಹಿಂದೆ ಮುಳಿಹುಲ್ಲು ಸರಿದ ಸದ್ದಾಯಿತು. ನಾನು ತಿರುಗಲಿಲ್ಲ. ಎರಡರಲ್ಲಿ ಒಂದನ್ನೇ ಹೇಳಬೇಕೆಂದು ಗೊತ್ತಿತ್ತು.

"ಕಾಣಲಿಲ್ಲ ಸಾಹೇಬ್ರೇ" ಎಂದು ಗಟ್ಟಿಯಾಗಿ ಹೇಳಿ, ಗಣಪತಿಗೆ ತಡವಾಗುತ್ತದೆಂದು ಹೆಜ್ಜೆ ಹಾಕಿದೆ.